ಆರಾಮಕುರ್ಚಿಯ ಎತ್ತಂಗಡಿ

ರೀ,

ಈ ಮನೆಯ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ: ನಿಮ್ಮ ಆರಾಮಕುರ್ಚಿಗೆ ವರಾಂಡಕ್ಕೆ ಎತ್ತಂಗಡಿಯಾಗಿದೆ. ಅದಿದ್ದ ಜಾಗದಲ್ಲಿ, ಪ್ಲಗ್ಗಿನ ಪಕ್ಕ, ಮಗಳ ಕಫ ಎಳೆಯುವ ಯಂತ್ರ ಬರುತ್ತದೆ, ಮುಖ ಊದಿಸಬೇಡಿ.

ಕತ್ತಿನಲ್ಲಿ ರಂಧ್ರ ಮಾಡಿಸಿ ಉಸಿರಿಗೆ ನಳಿಕೆ ಇಡಿಸುವುದೋ ಬೇಡವೋ ಎಂದು ನಾವಿಬ್ಬರೂ ತಲೆ ಕೆಡಿಸಿಕೊಂಡಿದ್ದೆವಲ್ಲ, ನಿನ್ನೆ ನಿಮ್ಮಪ್ಪ ಡಾಕ್ಟರಮ್ಮನನ್ನು ನೇರವಾಗಿ ಕೇಳಿದರು.

"ಇದರಿಂದ ನಮ್ಮ ಗುಬ್ಬಿ ನಡೀತಾಳೇನಮ್ಮಾ? ಮಾತಾಡ್ತಾಳಾ?"

"ಇಲ್ಲ ಅಜ್ಜ, ಮೆದುಳಿನ ತೊಂದರೆ ಹಾಗೇ ಇರುತ್ತೆ. ಈಗಿರೋ ದನಿಯೂ ಅಡಗಬಹುದು. ಆದ್ರೆ ಉಸಿರಿಗೆ ಒದ್ದಾಡದೆ ನಿದ್ದೆ ಮಾಡ್ತಾಳೆ."

"ಹಾಗಾದ್ರೆ ಮಾಡಿಬಿಡಿ. ನಮ್ಮನೇಲಿ ಒಬ್ಬರಾದ್ರೂ ನೆಮ್ಮದಿಯಾಗಿ ಮಲಗಲಿ."

ನನ್ನ ಮನಸ್ಸೂ ಅಲ್ಲಿಗೆ ಹಗುರಾಯಿತು. ಫೋನಿನಲ್ಲಿ ನೀವೂ ಹೂಂ ಅಂದಿರಲ್ಲ, ಇನ್ನು ಹಿಂದೆಮುಂದೆ ನೋಡುವುದು ಬೇಡ.

ಆಸ್ಪತ್ರೆಗೆ ಬರುವಾಗ ಮನೆಯಿಂದ ಅವಳ ಹಳದಿ ಹೊದಿಕೆ ತನ್ನಿ, ಒಗೆದದ್ದನ್ನು.

ಆಪರೇಷನ್ ನಾಳೆ ಬೆಳಗ್ಗೆ.