ಕಿವ್ಯಾಗಿನ ಹತ್ತಿ

ಬೋರಗಾಂವ, ಸೋಮವಾರ

ಪದ್ಮಕ್ಕಾ,

ಫೋನಿನ್ಯಾಗ ನನಗ ಮಾತು ಬರೂದಿಲ್ಲ, ಅದಕ್ಕ ಕಾರ್ಡ್ ಹಾಕಾಕತ್ತೀನಿ. ಪೋಸ್ಟಮನ್ ಓದಿದ್ರ ಓದ್ಲಿ.

ಇಲ್ಲಿ ಮಗ್ಗದ ಶೆಡ್ಡಿನ್ಯಾಗ ಸಪ್ಪಳ ಎಷ್ಟಂದ್ರ, ಎಲ್ಲಾರೂ ಕಿವ್ಯಾಗ ಹತ್ತಿ ಇಟ್ಕೊಂಡು ಕೈಸನ್ನಿ ಮ್ಯಾಲ ಮಾತಾಡ್ತಾರ. ಎರಡು ಬೆರಳು ಎತ್ತಿದ್ರ ನೂಲು ಹರದೈತಿ ಅಂತ. ಅದು ನನಗೂ ಪೂರಾ ತಿಳಿತೈತಿ. ಕರೆಂಟ್ ಹೋತಂದ್ರ ಮಾತ್ರ ಅವರೆಲ್ಲಾ ಹತ್ತಿ ತಗದು ಒಮ್ಮಿಗೇ ನಗಾಕ, ಮಾತಾಡಾಕ ಹತ್ತತಾರ. ಯಾವಾಗ ನಗಬೇಕು ಅನ್ನೂದು ಅವರಿಗೆ ಯಾರು ಕಲಿಸ್ಯಾರೋ. ನಾ ಹತ್ತಿ ತಗಿಯೂದಿಲ್ಲ, ಹೊರಗ ಹೋಗಿ ಕುಂದರತೀನಿ. ಈಗೂ ಕರೆಂಟ್ ಹೋಗೈತಿ, ಅಲ್ಲೇ ಕುಂತು ಬರಿಯಾಕತ್ತೀನಿ.

ಮೊನ್ನೆ ನಿಪ್ಪಾಣಿಗೆ ಹೋಗಿ ತೋರಿಸಿದೆ. ನನಗ ಹುಟ್ಟಿನಿಂದನ ಆಟಿಸಂ ಐತಿ ಅಂದ್ರು ಡಾಕ್ಟರ್ ಬಾಯಾರು. ನನಗೂ ಹಂಗ ಅನಿಸಿತ್ತು. ಜಡ್ಡಲ್ಲ, ಗುಳಿಗಿ ಇಲ್ಲ, ಗಾಬರಿ ಆಗಬ್ಯಾಡ. ಮೈಮ್ಯಾಲ ಯಾರರ ಬಿದ್ರ ನನ್ನಂಥವರಿಗೆ ಉಸಿರು ಕಟ್ಟಿದಂಗ ಆಗತೈತಂತ.

ಅವ್ವ ತೀರಿಕೊಂಡ ದಿನ ನೀ ಅಲಖನೂರಿಂದ ಬಂದು ನನ್ನ ಕೊರಳಿಗೆ ಬಿದ್ದು ಅತ್ತಿ. ನಾ ನಿನ್ನ ದೂಡಿ ದನದ ಕೊಟ್ಟಿಗ್ಯಾಗ ಹೋಗಿ ನಿಂತೆ. ಕುಂತ ಹೆಣ್ಮಕ್ಕಳೆಲ್ಲಾ ನೋಡಿದ್ರು. ಕರುಳಿಲ್ಲದಾಕಿ ಅಂದ್ರು. ಮೂರು ವರ್ಷ ಆತು, ಯಾಕ ದೂಡಿದಿ ಅಂತ ನೀ ಒಮ್ಮೆನೂ ಕೇಳಲಿಲ್ಲ. ಈಗ ಕಾರಣ ಸಿಕ್ಕೈತಿ ಅಕ್ಕಾ, ಆದ್ರ ದೂಡಿದ ಕೈ ನನ್ನವ. ನಾಚಿಕಿ ಹೋಗವಲ್ದು.

ಶೆಡ್ಡಿನ ಧೂಳಿಗೆ ಹತ್ತಿದ್ದ ಕೆಮ್ಮು ಕಡಿಮಿ ಐತಿ. ದಸರಾಕ್ಕ ಬರ್ತೀನಿ. ಮೈ ಮುಟ್ಟಬ್ಯಾಡ. ಹತ್ತಿ ತಗದು ನಿನ್ನ ಬಾಜೂಕ ಕುಂದರತೀನಿ, ಎದ್ದು ಹೋಗೂದಿಲ್ಲ. ಆವತ್ತು ಅಳೂದು ಉಳಿದದ್ದನ್ನ ನೀ ಅತ್ತುಬಿಡು.

ಕರೆಂಟ್ ಬಂತು.

ನಿನ್ನ ತಂಗಿ
ನೀಲಮ