ಜಾಹೀರಾತು ಕತ್ತರಿಸದ ಟೇಪು

ಅಕ್ಟೋಬರ್ 5, ಭಾನುವಾರ

ನಮ್ಮ ಕೌಬಾಯ್ ಚಿತ್ರಗಳ ಟೇಪು ಬಳಗದ ಅಧ್ಯಕ್ಷರ ಬೀಟಾ ವಿಡಿಯೋ ಯಂತ್ರ ನಿಂತುಹೋಗಿದೆ. ಸುದ್ದಿ ಕೊಟ್ಟವನು ವಿದ್ಯುತ್ ಸಾಮಾನಿನ ಅಂಗಡಿಯ ಹಿರಸಾಕಾ. ಅಡುಗೆಮನೆಯ ಟ್ಯೂಬ್‌ಲೈಟ್ ಹಾಕಲು ಬಂದವನು ಸ್ಟೂಲಿನ ಮೇಲೆ ನಿಂತೇ ಹೇಳಿದ. ಒಳಗಿನ ಬೆಲ್ಟು ಕರಗಿ ಡಾಂಬರಿನಂತಾಗಿದೆಯಂತೆ. ಬದಲಿ ಭಾಗ ಎಲ್ಲೂ ಸಿಗುವುದಿಲ್ಲ. ಹಾಗಾದರೆ ಈ ಕುರಾಯೋಶಿ ಊರಿನಲ್ಲಿ ಓಡುವ ಬೀಟಾ ಯಂತ್ರ ಇನ್ನು ನನ್ನದೊಂದೇ.

ಸಂತೋಷವಾಯಿತು. ಸುಳ್ಳೇಕೆ.

ಮಧ್ಯಾಹ್ನ ಎಂದಿನಂತೆ ಟೇಪು ಒರೆಸುವ ಕೆಲಸ. ಇವತ್ತು ರೈಲು ದರೋಡೆಯದು. ಅಂಚಿಗೆ ಬಿಳಿ ಬೂಷ್ಟು. ಕೈಯಲ್ಲೇ ಸುತ್ತುತ್ತ, ಸ್ಪಿರಿಟ್ ಬಟ್ಟೆ ಹಿಡಿದು... ಅರ್ಧ ಆಗುವಷ್ಟರಲ್ಲಿ ಅಕ್ಕ ಬಂದು ಕಿಟಕಿ ತೆರೆದಳು.

"ಮನೆಯೆಲ್ಲ ಆಸ್ಪತ್ರೆ ವಾಸನೆ. ಸತ್ತ ಕುದುರೆಗಳಿಗೆ ಇನ್ನೂ ಎಷ್ಟು ದಿನ ಔಷಧಿ ಹಾಕ್ತೀಯೋ ತೋಕಿ?"

ಉಳಿದರ್ಧ ಒರೆಸಿದೆ. ಅವಳಿಗೆ ಉತ್ತರ ಕೊಟ್ಟರೆ ಇನ್ನೊಂದು ಬರುತ್ತದೆ.

ಅಕ್ಟೋಬರ್ 9, ಗುರುವಾರ

ಅಧ್ಯಕ್ಷರ ಫೋನು. ನಾನು ಬಳಗದ ಸಭೆಗೆ ಹೋಗುವುದನ್ನು ಬಿಟ್ಟ ಮೇಲೆ ಇದೇ ಮೊದಲು. ಹವಾಮಾನ, ಮೊಣಕಾಲು, ಪೇರಳೆ ಹಣ್ಣಿನ ಫಸಲು. ಎಲ್ಲ ಮುಗಿದ ಮೇಲೆ ವಿಷಯ.

"ನಗಾಮಿ ಅವರೇ, ನಿಮ್ಮ ಹತ್ರ ಆ... ಜಾಹೀರಾತು ಇರೋ ಟೇಪುಗಳು ಇನ್ನೂ ಇವೆಯಾ?"

ಆ ಮಾತು ಅವರ ಬಾಯಿಂದಲೇ ಬರಬೇಕಿತ್ತು, ಬಂತು.

ಬೇಕಾಗಿರುವುದು 1981ರ ವಸಂತದಲ್ಲಿ ಟಿವಿಯಲ್ಲಿ ಬಂದ ಭಾನುವಾರದ ಕೌಬಾಯ್ ಚಿತ್ರ. ಚಿತ್ರವಲ್ಲ, ನಡುವಿನ ಜಾಹೀರಾತು. ಮೊಚಿದಾ ಪಾದರಕ್ಷೆ ಅಂಗಡಿಯದು, ಅಂದರೆ ಅವರದೇ ಅಂಗಡಿಯದು. ಅದರಲ್ಲಿ ಅವರ ಮಗಳು ಚಿಹೋ ಇದ್ದಾಳೆ, ಆಗ ಆರು ವರ್ಷ. ಮರುವರ್ಷ ನವೆಂಬರಿನಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಅಂಗಡಿಯ ಮೇಲೆ ಹಾರಿಸುತ್ತಿದ್ದ ಜಾಹೀರಾತಿನ ಬಲೂನಿನಲ್ಲೂ ಅವಳ ಮುಖವಿತ್ತು, ಇಡೀ ಊರಿಗೆ ಗೊತ್ತಿದ್ದ ಮಗು. ಜಾಹೀರಾತು ಕಂಪನಿ ಮುಚ್ಚಿದಾಗ ಮೂಲ ಫಿಲ್ಮನ್ನು ಕಸಕ್ಕೆ ಹಾಕಿದರಂತೆ. ಈ ನವೆಂಬರ್ 23ಕ್ಕೆ ಮೂವತ್ಮೂರನೆಯ ಶ್ರಾದ್ಧ, ಅವಳ ಹೆಸರಿನಲ್ಲಿ ನಡೆಯುವ ಕೊನೆಯದು. ಅದಾದ ಮೇಲೆ ಅವಳೂ ಹಿರಿಯರ ಸಾಲಿನಲ್ಲಿ ಒಬ್ಬಳು. ಅಂದು ಅವರ ಹೆಂಡತಿ ಫುಸಾಯೆ ಅಮ್ಮನಿಗೆ ಮಗಳ ಧ್ವನಿ ಕೇಳಿಸಬೇಕು.

ಫೋಟೋ ಬೇಕಾದಷ್ಟಿವೆ. ಧ್ವನಿ ಎಲ್ಲೂ ಇಲ್ಲ.

ಅವರ ಬಳಿಯೂ ಅದೇ ಚಿತ್ರದ ಟೇಪಿದೆ. ಆದರೆ ಅವರದು ಶುದ್ಧ ಟೇಪು. ಪ್ರತಿ ಭಾನುವಾರ ಅಂಗಡಿಯನ್ನು ಹೆಂಡತಿಗೆ ಬಿಟ್ಟು, ಟಿವಿ ಮುಂದೆ ಕುಳಿತು, ಜಾಹೀರಾತು ಬಂದಕೂಡಲೇ ಪಾಜ್ ಗುಂಡಿ ಒತ್ತುತ್ತಿದ್ದರು. ಸ್ವಂತ ಅಂಗಡಿಯದಕ್ಕೂ ಒತ್ತಿದರು.

ಹುಡುಕಿ ನೋಡುತ್ತೇನೆ ಅಂದೆ.

ಹುಡುಕುವುದೇನೂ ಇಲ್ಲ. ಕಪಾಟಿನ ಮೂರನೆಯ ಸಾಲು, ಎಡಗಡೆ.

ಅಕ್ಟೋಬರ್ 12, ಭಾನುವಾರ

ನಿದ್ದೆ ಸರಿಯಿಲ್ಲ. ಹಳೆಯದೆಲ್ಲ ನೆನಪು.

1983, ಬಳಗದ ವಾರ್ಷಿಕ ಸಭೆ. ನಾನು ವಿನಿಮಯಕ್ಕೆ ತಂದ ಟೇಪನ್ನು ಅಧ್ಯಕ್ಷರು ಎಲ್ಲರ ಮುಂದೆ ಹಾಕಿದರು. ಶೆರಿಫ್ ಬಂದೂಕು ಎತ್ತುತ್ತಾನೆ, ಕೂಡಲೇ ಸೋಪಿನ ಪುಡಿಯ ಹಾಡು. "ನಗಾಮಿ ಅವರ ಊರಲ್ಲಿ ಗುಂಡು ಹಾರಿಸೋ ಮುಂಚೆ ಬಟ್ಟೆ ಒಗೀತಾರೆ" ಅಂದರು. ಕೋಣೆಯೆಲ್ಲ ನಗು. ಅಂದೇ ನಿಯಮವಾಯಿತು: ಜಾಹೀರಾತಿರುವ ಟೇಪು ವಿನಿಮಯಕ್ಕೆ ಸಲ್ಲದು. ಅಂದಿನಿಂದ ನನ್ನ ಹೆಸರು ಸೋಪುಪುಡಿ. ಮದುವೆ ಮನೆಯಲ್ಲೂ ಸೋಪುಪುಡಿ, ಸಾವಿನ ಮನೆಯಲ್ಲೂ ಸೋಪುಪುಡಿ.

ಆಗ ನನಗೆ ಭಾನುವಾರ ಪತ್ರಿಕಾ ಕಚೇರಿಯಲ್ಲಿ ಪಾಳಿ. ಟಿವಿ ಕಾರ್ಯಕ್ರಮಗಳ ಪುಟ ನನ್ನದೇ. ಯಾವ ವಾರ ಯಾವ ಕೌಬಾಯ್ ಚಿತ್ರ ಎಂದು ಊರಿಗೆಲ್ಲ ಮೊದಲು ಗೊತ್ತಾಗುತ್ತಿದ್ದುದು ನನಗೆ. ನೋಡಲು ಮಾತ್ರ ಆಗುತ್ತಿರಲಿಲ್ಲ. ಟೈಮರ್ ಇಟ್ಟು ಹೋಗುತ್ತಿದ್ದೆ. ಟೈಮರಿಗೆ ಗುಂಡಿನ ಸದ್ದೂ ಒಂದೇ, ಸೋಪಿನ ಹಾಡೂ ಒಂದೇ. ಇದನ್ನು ಆ ದಿನ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮಧ್ಯಾಹ್ನ ಅಧ್ಯಕ್ಷರು ಕೇಳಿದ ಟೇಪು ಹಾಕಿದೆ. ಅಂಚಿನ ಬೂಷ್ಟು ಸ್ವಲ್ಪವೇ. ಒರೆಸದೆಯೇ ಹಾಕಿದೆ. ಕೌಬಾಯ್‌ಗಳು ಜಪಾನಿ ಭಾಷೆಯಲ್ಲಿ ಜಗಳವಾಡುತ್ತಾರೆ, ನಾಯಕ ಬಾರಿನೊಳಗೆ ಕಾಲಿಡುತ್ತಾನೆ, ಆಮೇಲೆ ಸೋಪಿನ ಪುಡಿ, ಪೇರಳೆ ಬೆಳೆಗಾರರ ಸಂಘ. ಅದರ ನಂತರ ಅಂಗಡಿಯ ಬಾಗಿಲು. ಜಾಹೀರಾತಿಗೆಂದೇ ಕಟ್ಟಿಸಿದ ಅರೆಬಾಗಿಲುಗಳನ್ನು ತಳ್ಳಿಕೊಂಡು ಪುಟ್ಟ ಹುಡುಗಿ ಬರುತ್ತಾಳೆ. ಕಣ್ಣಿನವರೆಗೆ ಇಳಿದ ಟೋಪಿ, ಎದೆಯ ಮೇಲೆ ತಗಡಿನ ನಕ್ಷತ್ರ. ಬೆರಳಿನ ತುದಿಗೆ ಉಫ್ ಎಂದು ಊದಿ ಹೇಳುತ್ತಾಳೆ:

"ಕಾಲಿಗೆ ಕಚ್ಚಿದ್ರೆ ವಾಪಸ್ ತನ್ನಿ. ಅಪ್ಪ ಬೈಯಲ್ಲ."

ಮೂಗಿನಿಂದ ಬರುವ ಧ್ವನಿ, ನೆಗಡಿಯಾದವರ ಹಾಗೆ. "ಅಪ್ಪ" ಅನ್ನುವಾಗ ನಗು ತಡೆಯಲಾಗದೆ ತುಟಿ ಕಚ್ಚಿಕೊಳ್ಳುತ್ತಾಳೆ. ಅಷ್ಟೇ. ಹದಿನೈದು ಸೆಕೆಂಡು.

ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಮತ್ತೆ. ಅಪ್ಪ ಬೈಯುವುದಿಲ್ಲವಂತೆ!

ಅಕ್ಟೋಬರ್ 17, ಶುಕ್ರವಾರ

ಹಿರಸಾಕಾ ಕಾಪಿ ಮಾಡುವ ಯಂತ್ರವನ್ನೇ ಹೊತ್ತುಕೊಂಡು ಬಂದಿದ್ದ, ಅಧ್ಯಕ್ಷರು ಕಳಿಸಿದರಂತೆ. ಅರ್ಧ ಗಂಟೆಯ ಕೆಲಸ, ಮೂಲ ಟೇಪು ನಿಮ್ಮ ಬಳಿಯೇ ಇರಲಿ ಅಂದ.

ಬಾಗಿಲಲ್ಲೇ ನಿಲ್ಲಿಸಿದೆ. ಟೇಪು ಸಿಕ್ಕಿದೆ, ಆದರೆ ಷರತ್ತು ಒಂದಿದೆ ಎಂದೆ. ನವೆಂಬರ್ 1ರ ಸಭೆಯಲ್ಲಿ, ಎಲ್ಲರ ಮುಂದೆ, ಅಂದು ಆಡಿದ ಮಾತನ್ನು ಅಧ್ಯಕ್ಷರು ಹಿಂತೆಗೆದುಕೊಳ್ಳಬೇಕು.

"ಮೂವತ್ತು ವರ್ಷದ ಹಳೇ ಮಾತು ಬಿಡಿ, ನಗಾಮಿ ಅವರೇ."

"ಟೇಪೂ ಅಷ್ಟೇ ಹಳೇದು. ಇಟ್ಟುಕೊಂಡಿಲ್ವಾ?"

ಯಂತ್ರ ಹೊತ್ತುಕೊಂಡು ಹೊರಟುಹೋದ. ಒಳಗೆ ಮೂಲಂಗಿ ತುರಿಯುತ್ತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ತುರಿಯುವುದು ನಿಂತಿತು. ಮತ್ತೆ ತುರಿಯತೊಡಗಿದಳು.

ನವೆಂಬರ್ 1, ಶನಿವಾರ

ಸಭೆ, ನಿಲ್ದಾಣದ ಎದುರಿನ ಕಾಫಿ ಅಂಗಡಿ. ಬಳಗದಲ್ಲಿ ಈಗ ಉಳಿದವರೇ ಕಡಿಮೆ. ನನ್ನನ್ನೂ ಸೇರಿಸಿ ಐದು ಜನ. ಹೆಚ್ಚಿನ ಮಾತು ಸಿನಿಮಾದ ಲೇಸರ್ ಡಿಸ್ಕಿನದು. ಹಳೆಯ ಸದಸ್ಯ ಆಂದೋ ಹೇಳಿದ, ಪ್ಲಾಸ್ಟಿಕ್ ಕವರನ್ನೂ ತೆಗೆಯದೆ ಜೋಪಾನ ಮಾಡಿದ ಡಿಸ್ಕಿಗೇ ಒಳಗಿಂದ ಕಲೆ ಹಿಡಿದಿದೆಯಂತೆ, ದಿನಾ ಹಾಕುವುದು ಚೆನ್ನಾಗಿದೆಯಂತೆ.

ಅಧ್ಯಕ್ಷರು ಕೋಲು ಊರಿ ಎದ್ದರು. ಚೀಟಿ ಇರಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಜಾಹೀರಾತು ಇರೋ ಟೇಪು ಕಸ ಅಂತ ನಾನು ಅಂದಿದ್ದೆ. ಕಸ ಅಂತ ನಾನು ಕತ್ತರಿಸಿ ಬಿಟ್ಟಿದ್ದರಲ್ಲಿ ನನ್ನ ಮಗಳೂ ಇದ್ದಳು. ನಗಾಮಿ ಅವರು ಕತ್ತರಿಸಲಿಲ್ಲ. ತಪ್ಪು ನನ್ನದು."

ಬಾಗಿದರು. ಆ ಮೊಣಕಾಲಿನಲ್ಲಿ ಅಷ್ಟು ಹೊತ್ತು ಬಾಗಿದ್ದರು.

ಯಾರೂ ಅವರನ್ನು ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಆಂದೋನ ಕಣ್ಣಲ್ಲಿ ಇದ್ದದ್ದು ನನಗೆ ಗೊತ್ತಾಯಿತು. ಸೋಪುಪುಡಿ ಎಂದು ಕೂಗುವಾಗಲೂ ಆ ನೋಟ ಇರುತ್ತಿರಲಿಲ್ಲ.

ಆಗ ಕೊಟ್ಟುಬಿಡಬಹುದಿತ್ತು. ಟೇಪು ಚೀಲದಲ್ಲೇ ಇತ್ತು. ಬೂಷ್ಟು ಹಿಡಿದಿದೆ, ಒರೆಸಲು ಎರಡು ವಾರ ಬೇಕು ಎಂದೆ. ದಯವಿಟ್ಟು ನಿಧಾನವಾಗಿ ಮಾಡಿ ಎಂದು ಅಧ್ಯಕ್ಷರು ಮತ್ತೊಮ್ಮೆ ಬಾಗಿದರು.

ಕಾಫಿ ತಣ್ಣಗಾಗಿತ್ತು. ಕುಡಿದೆ.

ನವೆಂಬರ್ 3, ಸೋಮವಾರ, ರಜೆ

ಆಂದೋ ಬಂದಿದ್ದ, ಜೊತೆಗೆ ಮತ್ತೊಬ್ಬ ಸದಸ್ಯ. ನಾನೇ ಕರೆದಿದ್ದೆ. ನನ್ನ ಬಳಿ ಇರುವುದೇನೆಂದು ಅವರೂ ನೋಡಲಿ.

ಹಾಕಿದೆ. ಆಂದೋ ನಕ್ಕ, ಆಮೇಲೆ ಕಣ್ಣು ಒರೆಸಿಕೊಂಡ. "ಅಧ್ಯಕ್ಷರ ಮೂಗೇ ಮೂಗು, ನೋಡಿ" ಎಂದ. ಮತ್ತೊಮ್ಮೆ ಎಂದರು. ಹಾಕಿದೆ. ಅವರು ಕೇಳದಿದ್ದಾಗಲೂ ನಾನೇ ಹಿಂದಕ್ಕೆ ಸುತ್ತಿ ಹಾಕಿದೆ. ಕೊನೆಯ ಸಲ ಒಳಗಿಂದ ಒಣ ಕಡಲಪಾಚಿ ಅಗಿದಂಥ ಸದ್ದು. ಕೂಡಲೇ ನಿಲ್ಲಿಸಿದೆ.

ಬೂಷ್ಟು ಇರಬೇಕು.

ನವೆಂಬರ್ 4, ಮಂಗಳವಾರ

ಬೂಷ್ಟಲ್ಲ. ಒಳಗಿನ ರಬ್ಬರ್ ಉರುಳೆ ಜಿಗುಟಾಗಿ ಟೇಪನ್ನು ಎಳೆದುಕೊಂಡಿದೆ. ಮೇಲಿನ ಅಂಚು ಮಡಚಿ, ಉದ್ದಕ್ಕೂ ಸುಕ್ಕು. ಬೀಟಾದಲ್ಲಿ ಚಿತ್ರ ಇರುವುದು ಟೇಪಿನ ನಡುವೆ, ಧ್ವನಿ ಅಂಚಿನಲ್ಲಿ.

ಉರುಳೆ ಒರೆಸಿ ಹಾಕಿ ನೋಡಿದೆ. ಹುಡುಗಿ ಬರುತ್ತಾಳೆ. ಬೆರಳಿಗೆ ಊದುತ್ತಾಳೆ. ಬಾಯಿ ಆಡುತ್ತದೆ. ಗರಗರ ಸದ್ದು, ಮತ್ತೇನಿಲ್ಲ. ಮುಂದೆ ನಾಯಕ ಗುಂಡು ಹಾರಿಸಿದಾಗ ಧ್ವನಿ ವಾಪಸ್ ಬರುತ್ತದೆ, ಸ್ಪಷ್ಟವಾಗಿ. ಕುದುರೆಯ ಲಾಳದ ಸದ್ದು ಕೂಡ.

ಕೌಬಾಯ್ ಚಿತ್ರಕ್ಕೆ ಏನೂ ಆಗಿಲ್ಲ. ಕಣ್ಣು ಮುಚ್ಚಿ ಕೇಳಿದರೆ, ಬಳಗದ ನಿಯಮದ ಪ್ರಕಾರ ಟೇಪು ಈಗ ಶುದ್ಧ.

ನವೆಂಬರ್ 15, ಶನಿವಾರ

ಟೇಪನ್ನು ಹಿರಸಾಕಾನಿಗೆ ತೋರಿಸಿದೆ. ಭೂತಗನ್ನಡಿ ಹಿಡಿದು ನೋಡಿದ. ಕಾಗದದ ನಡುವೆ ಇಟ್ಟು ಒತ್ತಿದ, ಮತ್ತೆ ಹಾಕಿದ, ಮತ್ತೆ ನೋಡಿದ. ಧ್ವನಿ ಹಿಡಿದಿಡುವ ಕಾಂತದ ಪುಡಿಯೇ ಉದುರಿಹೋಗಿದೆ, ಇಸ್ತ್ರಿ ಮಾಡಿದರೆ ಬರುವಂಥದ್ದಲ್ಲ ಎಂದ.

"ಆವತ್ತೇ ಕಾಪಿ ತೆಗೆದಿದ್ರೆ..."

ಕನ್ನಡಿಯನ್ನು ಡಬ್ಬಿಯೊಳಗೆ ಇಟ್ಟ. ಅಧ್ಯಕ್ಷರಿಗೆ ನಾನೇ ತಿಳಿಸುತ್ತೇನೆ, ನೀನು ಬಾಯಿ ಬಿಡಬೇಡ ಎಂದೆ. ತಲೆಯಾಡಿಸಿದ. ಚಹಾ ಬೇಡ ಎಂದ.

ನವೆಂಬರ್ 18, ಮಂಗಳವಾರ

ಫುಸಾಯೆ ಅಮ್ಮ ಮನೆಗೆ ಬಂದಿದ್ದರು. ಒಣಗಿಸಿದ ಪರ್ಸಿಮನ್ ಹಣ್ಣು ತಂದಿದ್ದರು, ಅವರದೇ ಮರದ್ದು. ನಾನು ಟೇಪಿನ ಕೋಣೆಯಲ್ಲಿದ್ದೆ, ಹೊರಗೆ ಬರಲಿಲ್ಲ. ಮಲಗಿದ್ದಾನೆ ಎಂದಳು ಅಕ್ಕ.

ಕಾಗದದ ಬಾಗಿಲು. ಎಲ್ಲ ಕೇಳಿಸುತ್ತದೆ. ಜಾಹೀರಾತಿನ ಶೂಟಿಂಗ್ ದಿನ ಗಿರಾಕಿ ಬಂದಿದ್ದರಿಂದ ಫುಸಾಯೆ ಅಮ್ಮ ಒಳಗೆ ಹೋಗಿದ್ದರಂತೆ. ಭಾನುವಾರಗಳಲ್ಲಿ ಅಂಗಡಿಯಲ್ಲೇ ಇರಬೇಕಿದ್ದರಿಂದ ಟಿವಿಯಲ್ಲೂ ಒಮ್ಮೆಯೂ ನೋಡಿಲ್ಲವಂತೆ. ಊರವರೆಲ್ಲ ನೋಡಿದ್ದಾರೆ, ತಾಯಿಯೊಬ್ಬಳೇ ನೋಡಿಲ್ಲ.

"ಮುಖ ಮರೆತಿಲ್ಲ ಕಣ್ರೀ, ಫೋಟೋ ಇದೆಯಲ್ಲ. ಧ್ವನಿ ಮಾತ್ರ ಹೋಗಿಬಿಟ್ಟಿದೆ. ಅಮ್ಮಾ ಅಂತ ಕರೆದ ಹಾಗೆ ಅನ್ಸುತ್ತೆ, ಕಿವಿಗೊಟ್ರೆ ಅದು ನನ್ನ ಧ್ವನಿಯೇ ಆಗಿರುತ್ತೆ."

ಅಕ್ಕ ಚಹಾ ಸುರಿಯುವ ಸದ್ದು.

ಅವರು ಹೋದ ಮೇಲೆ ಅಕ್ಕ ಬಾಗಿಲು ಸರಿಸಿದಳು.

"ಅಧ್ಯಕ್ಷರಿಗೆ ಹೇಳಿದ್ಯಾ?"

"ಇಲ್ಲ."

"ನನ್ನ ಬಾಯಿಂದ ಬರಲ್ಲ ತೋಕಿ. ನೀನು ಕಟ್ಟಿದ ಮೂಟೆ, ನೀನೇ ಹೊರು."

ಹಣ್ಣಿನ ತಟ್ಟೆಯನ್ನು ನನ್ನ ಮುಂದಿಟ್ಟು ಹೋದಳು.

ನವೆಂಬರ್ 22, ಶನಿವಾರ

ನಾಳೆಯ ಕಾರ್ಯಕ್ರಮ, ಅಧ್ಯಕ್ಷರು ಫೋನಿನಲ್ಲಿ ತಿಳಿಸಿದಂತೆ: ಹನ್ನೊಂದಕ್ಕೆ ಅವರ ಮನೆಯಲ್ಲಿ ಶ್ರಾದ್ಧ. ಗುರುಗಳು ಒಬ್ಬರೇ. ನೆಂಟರು ಹತ್ತು ಹನ್ನೆರಡು ಜನ. ಮಂತ್ರ ಮುಗಿದ ಮೇಲೆ, ಊಟಕ್ಕೆ ಮೊದಲು ಟೇಪು. ದೇವರ ಮನೆಯ ಪಕ್ಕಕ್ಕೆ ಟಿವಿ ಸರಿಸಿದ್ದಾರೆ. ನೆಲದ ಮೇಲೆ ಕೂರುವ ದಿಂಬುಗಳನ್ನು ಹಾಕಿದ್ದಾಗಿದೆ. ಮುಂದಿನ ಸಾಲಿನ ನಡುವಿನದು ಫುಸಾಯೆ ಅಮ್ಮನಿಗೆ.

ಹೇಳಬೇಕೆಂದೇ ಫೋನು ಹಿಡಿದುಕೊಂಡಿದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಇವಳು ಮಾತಾಡಬೇಕಂತೆ ಎಂದು ಅಧ್ಯಕ್ಷರು ಫೋನನ್ನು ಕೊಟ್ಟುಬಿಟ್ಟರು.

"ನಗಾಮಿ ಅವರೇ, ನೀವು ಕೇಳಿದೀರಂತಲ್ಲ. ಮೂಗಿನಿಂದ ಬರ್ತಿತ್ತಾ ಧ್ವನಿ? ನನಗೆ ಹಾಗೆ ನೆನಪು. ಇವರು ಇಲ್ಲ ಅಂತಾರೆ."

"ಹೌದು," ಎಂದೆ. "ಮೂಗಿನಿಂದ."

"ನೋಡಿದ್ರಾ," ಎಂದರು ಗಂಡನಿಗೆ. ನಗುತ್ತಿದ್ದರು. "ಇನ್ನೇನೂ ಹೇಳಬೇಡಿ. ನಾಳೆ ಅವಳ ಬಾಯಿಂದಲೇ ಕೇಳ್ತೀನಿ."

ಸಾಯಂಕಾಲ ಮತ್ತೊಮ್ಮೆ ಹಾಕಿದೆ. ಗರಗರ. ಸದ್ದು ಪೂರ್ತಿ ಇಳಿಸಿ, ಅವಳ ತುಟಿ ನೋಡುತ್ತ ಆ ಮಾತನ್ನು ನಾನೇ ಹೇಳಿ ನೋಡಿದೆ. ಕಾಲಿಗೆ ಕಚ್ಚಿದ್ರೆ ವಾಪಸ್ ತನ್ನಿ. ಎಪ್ಪತ್ತೊಂದು ವರ್ಷದ ಗಂಟಲು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ.

ಕಪ್ಪು ಕೋಟು ತೆಗೆದಿಟ್ಟಿದ್ದಾಳೆ. ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿದೆ. ಟೇಪು ಚೀಲದಲ್ಲಿದೆ.

ಬೆಳಿಗ್ಗೆ ಒಂಬತ್ತಕ್ಕೆ ಹಿರಸಾಕಾನ ವ್ಯಾನ್ ಬರುತ್ತದೆ.