ಫಕೀರೇಶನ ತಪ್ಪೊಪ್ಪಿಗೆ

ಗದಗ, 30 ಫೆಬ್ರವರಿ 2187

ನನ್ನ ಮುತ್ತಜ್ಜಿಯ ಮುತ್ತಜ್ಜಿಯ ಕಾಲದವರಿಗೆ,

ತಾರೀಖು ಕಂಡು ನಗಬೇಡಿ; ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ತಮ್ಮ ಫಕೀರೇಶ ನೂಲಿನ ಗಿರಣಿಯೊಂದರಲ್ಲಿ ಕಾವಲುಗಾರನಾಗಿದ್ದ. ಹೋದ ವರ್ಷ ಅಲ್ಲಿ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗ ಹಾಕಿತ್ತು. ಇಬ್ಬರು ಹೆಣ್ಣುಮಕ್ಕಳು ಹೊರಬರಲಾಗದೆ ಸತ್ತರು. ಬೀಗ ಜಡಿದು ಕೀಲಿ ಇಟ್ಟುಕೊಂಡವರು ಗಿರಣಿಯ ಸಾಹುಕಾರರು. ಪೊಲೀಸರು ಸಾಹುಕಾರರ ಮೇಲೂ ತಮ್ಮನ ಮೇಲೂ ಕೇಸು ಹಾಕಿದರು.

ನಮ್ಮ ನ್ಯಾಯಾಲಯಗಳ ಬಾಗಿಲಲ್ಲಿ ‘ಮುನ್ತೀರ್ಪು’ ಎಂಬ ಫಲಕವಿರುತ್ತದೆ. ತೀರ್ಪು ಏನಾಗಬಹುದೆಂದು ಊರಿನ ಜನ ಊಹಿಸಿದ್ದನ್ನು ವಿಚಾರಣೆಗೆ ಮೊದಲೇ ಅದು ತೋರಿಸುತ್ತದೆ. ಜನ ಸಾಕ್ಷ್ಯ ಓದುವುದಿಲ್ಲ. ಆರೋಪಿಯ ಮನೆ ಎಂಥದ್ದೆಂದು ನೋಡಿ ಹೇಳುತ್ತಾರೆ. ವಿಚಾರಣೆಯ ದಿನ ಸಾಹುಕಾರರ ಹೆಸರಿನ ಮುಂದೆ ‘ಬಿಡುಗಡೆ’, ತಮ್ಮನ ಹೆಸರಿನ ಮುಂದೆ ‘ಶಿಕ್ಷೆ’ ಎಂದಿತ್ತು. ನಾನೂ ಹಾಗೆಯೇ ಊಹಿಸಿದ್ದೆ. ತಪ್ಪೊಪ್ಪಿಕೊಂಡರೆ ಹನ್ನೆರಡು ವರ್ಷದ ಶಿಕ್ಷೆ ಐದಕ್ಕೆ ಇಳಿಯುತ್ತದೆ, ಸಾಹುಕಾರರ ವಿರುದ್ಧ ಸಾಕ್ಷಿ ಹೇಳಲು ಯಾರೂ ಬರಲಾರರು ಎಂದು ವಕೀಲರು ಹೇಳಿದ್ದರು.

“ಅಕ್ಕಾ, ನಾ ಆ ಬೀಗಾನ ಮುಟ್ಟಿಲ್ಲ,” ಅಂದ ತಮ್ಮ.

“ನನಗ ಗೊತ್ತೈತೋ. ಆದ್ರ ನಿನ್ನ ಮಾತು ಯಾರು ಕೇಳ್ತಾರ? ಒಪ್ಕೊಂಡ್ ಬಿಡು. ಐದ್ ವರ್ಷ ಹೆಂಗರ ಕಳೀತಾವ.”

ಅವನು ನ್ಯಾಯಾಲಯದ ಒಳಗೆ ಹೋಗಿ, ಬೀಗ ಹಾಕಿದ್ದು ನಾನೇ ಎಂದ. ನ್ಯಾಯಾಧೀಶರು ಎರಡು ಸಲ ಕೇಳಿದರು. ಎರಡು ಸಲವೂ ಅದನ್ನೇ ಹೇಳಿದ. ಸಾಹುಕಾರರ ಮೇಲಿನ ಕೇಸು ಅಲ್ಲಿಗೆ ಬಿದ್ದುಹೋಯಿತು.

ಹೊರಗೆ ಬಂದರೆ ಬೆಂಚಿನ ಮೇಲೆ ಚಾಂದಬಿ ಕುಳಿತಿದ್ದಳು. ಗಿರಣಿಯ ಬೆಂಕಿಯಲ್ಲಿ ಕೈ ಸುಟ್ಟುಕೊಂಡು ಪಾರಾಗಿದ್ದ ಕೆಲಸಗಾರ್ತಿ.

“ನನ್ನ ಯಾವಾಗ ಕರೀತಾರ್ರೀ? ಸಾಹುಕಾರ್ರು ಬೀಗ ಹಾಕಿ ಕೀಲಿ ಕಿಸೇದಾಗ ಇಟ್ಕೊಂಡಿದ್ದು ನಾ ನೋಡೀನಿ. ಅದನ್ನ ಹೇಳಾಕ ಬಂದೀನಿ.”

“ಮುಗೀತವ್ವಾ. ನನ್ನ ತಮ್ಮ ಒಪ್ಕೊಂಡ.”

“ಒಪ್ಕೊಂಡ್ನ? ಹಂಗ ಒಪ್ಕೋ ಅಂತ ಅವಗ ಯಾರು ಹೇಳಿದ್ರು?”



ಮೇಲ್ಮನವಿ ನಿಲ್ಲಲಿಲ್ಲ, ತಾನಾಗಿ ಒಪ್ಪಿದವನಲ್ಲವೇ ಎಂದರು. ಊರು ತನ್ನ ಊಹೆ ಸರಿಯಾಯಿತೆಂದು ಹೇಳಿಕೊಂಡಿತು. ಚಾಂದಬಿಯ ಮಾತನ್ನು ನ್ಯಾಯಾಧೀಶರು ನಂಬುತ್ತಿದ್ದರೋ ಇಲ್ಲವೋ, ನನಗೆ ಎಂದಿಗೂ ತಿಳಿಯುವುದಿಲ್ಲ. ಪ್ರತಿ ತಿಂಗಳೂ ಜೈಲಿಗೆ ಹೋಗುತ್ತೇನೆ. ತಮ್ಮ ನನ್ನನ್ನು ನೋಡಲು ಹೊರಗೆ ಬರುವುದಿಲ್ಲ.

ದುಡ್ಡಿದ್ದವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ಎಂದು ನಿಮ್ಮ ಕಾಲದಲ್ಲೂ ಜನ ಹೇಳುತ್ತಿದ್ದರಂತೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ನಿಮ್ಮವರಿಗೆ ‘ಒಪ್ಪಿಕೋ’ ಎನ್ನುವ ಮುನ್ನ ಒಂದು ದಿನ ತಡೆಯಿರಿ. ನೀವು ತಡೆಯುತ್ತೀರೆಂಬ ನಂಬಿಕೆ ನನಗಿಲ್ಲ. ನಾನಂತೂ ಒಂದು ಗಂಟೆಯೂ ತಡೆಯಲಿಲ್ಲ.

ದ್ಯಾಮಕ್ಕ ಕಮ್ಮಾರ